ದೊಡ್ಡ ಕಥೆಗೊಂದು ಕೈದೀವಿಗೆ

'ಗೈಡು' ಎಂಬ ಮಾತಿಗೆ ನಮ್ಮ ಪಾಠಶಾಲೆಗಳಲ್ಲಿ ಒಳ್ಳೆಯ ಹೆಸರಿಲ್ಲ. ಪರೀಕ್ಷೆಯ ಕಾಲದಲ್ಲಿ ಮೂಲಪಾಠವನ್ನು ಬದಿಗಿಟ್ಟು ಅದನ್ನೇ ಉರುಹೊಡೆಯುವ ಹುಡುಗಿಯರ ಕೈಯಿಂದ ಅದನ್ನು ಕಸಿದುಕೊಂಡ ಉಪಾಧ್ಯಾಯಿನಿಯರಲ್ಲಿ ನಾನೂ ಒಬ್ಬಳು. ಹೀಗಿರಲು, ಅಂಥ ಸಹಾಯಕ ಗ್ರಂಥಗಳ ಪರವಾಗಿ ನಾನು ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವದನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿನಿಯರು ನಕ್ಕರೆ ಆಶ್ಚರ್ಯವಿಲ್ಲ. ಆದರೆ ಎಲ್ಲ ಗೈಡುಗಳೂ ಒಂದೇ ಜಾತಿಯವಲ್ಲವೆಂಬದನ್ನು ನಾನು ತಡವಾಗಿ ಕಲಿತೆನು. ಕಲಿಸಿದವಳು ಒಬ್ಬ ಹುಡುಗಿ.

ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಟೋಲ್ಕೀನರು ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಅದ್ಭುತ ಕಥೆಯ ಮೂರು ಸಂಪುಟಗಳು ನಮ್ಮ ಪುಸ್ತಕಾಲಯದಲ್ಲಿವೆ. 1954 ಮತ್ತು 1955ರಲ್ಲಿ ಪ್ರಕಟವಾದ ಈ ಕಥೆಯು ಸುಮಾರು ಸಾವಿರ ಪುಟಗಳಷ್ಟು ದೀರ್ಘವಾದದ್ದು. ಅದರಲ್ಲಿ ಒಬ್ಬನೇ ಪುರುಷನು ಮೊದಲು ಸ್ಟ್ರೈಡರ್, ಆ ಬಳಿಕ ಆರಗಾರ್ನ್, ಕೊನೆಗೆ ಎಲೆಸ್ಸಾರ್ ಎನ್ನಿಸಿಕೊಳ್ಳುವನು. ಅರ್ಜುನನ ಹತ್ತು ಹೆಸರುಗಳನ್ನು ಕೇಳಿ ಬೆಳೆದ ನಮ್ಮವರಿಗೆ ಇದು ಹೊಸತಲ್ಲವಾದರೂ, ಪರಭಾಷೆಯಲ್ಲಿ ಓದುವಾಗ ಬುದ್ಧಿಯು ಬಳಲುವದು. ಆಂಗ್ಲ ವಾಚಕರಿಗೂ ಈ ತೊಡಕು ಇಲ್ಲದಿರಲಿಲ್ಲ. ಹೆಸರುಗಳ ಒಂದು ಅಕಾರಾದಿಯನ್ನು ಕೊಡುವೆವೆಂದು ಮೊದಲನೆಯ ಸಂಪುಟದಲ್ಲಿ ಮಾತು ಕೊಡಲಾಗಿತ್ತು. 1955ರಲ್ಲಿ ಮೂರನೆಯ ಸಂಪುಟವು ಹೊರಬಿದ್ದಾಗ ಅದು ಸಿದ್ಧವಾಗಿರದೆ ಪ್ರಕಾಶಕರು ಕ್ಷಮೆ ಬೇಡಬೇಕಾಯಿತು.

ಈ ಗ್ರಂಥಕ್ಕೆ ವಿದ್ವಾಂಸರು ರಚಿಸಿದ ಕೈಪಿಡಿಗಳನ್ನೂ ನಾವು ತರಿಸಿದ್ದೆವು. ಆದರೆ ಮೂರನೆಯ ಸಂಪುಟವನ್ನು ಓದಿ ಮುಗಿಸಿದವರ ಹೊರತು ಯಾರಿಗೂ ಅವನ್ನು ಕೊಡಕೂಡದೆಂದು ನಾನು ಕಟ್ಟಪ್ಪಣೆ ಮಾಡಿದ್ದೆನು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡನೆಯ ಸಂಪುಟವನ್ನು ಅರ್ಧಕ್ಕೇ ಹಿಂದಿರುಗಿಸಿದಳು. ಕಾರಣವೇನೆಂದು ಕೇಳಲು ತಲೆ ತಗ್ಗಿಸಿ, "ಟೀಚರ್, ಸೌರಾನನೂ ಸಾರುಮಾನನೂ ಒಬ್ಬನೇ ಎಂದು ತಿಳಿದು ಇಷ್ಟು ದೂರ ಓದಿದೆ. ಯಾರನ್ನಾದರೂ ಕೇಳೋಣವೆಂದರೆ ನಾಚಿಕೆಯಾಯಿತು," ಎಂದಳು. ಆಕೆಯು ಕನ್ನಡ ಶಾಲೆಯಿಂದ ಬಂದವಳು. ಎರಡು ನಿಮಿಷಗಳಲ್ಲಿ ಬಿಡಿಸಬಹುದಾಗಿದ್ದ ಗಂಟು. ನನ್ನ ಅಪ್ಪಣೆಯೇ ಅದನ್ನು ಬಿಗಿಮಾಡಿತ್ತು. ಪುಸ್ತಕವು ತನ್ನಂಥವರಿಗಲ್ಲವೆಂದು ಒಂದು ಮಗು ತಿಳಿದುಕೊಳ್ಳುವದಕ್ಕಿಂತ ದೊಡ್ಡ ನಷ್ಟವು ಶಾಲೆಯಲ್ಲಿ ಮತ್ತೊಂದುಂಟೇ?

ಈ ಕೈಪಿಡಿಗಳು ಮಾಡುವ ಉಪಕಾರವೇನು? ರಾಬರ್ಟ್ ಫಾಸ್ಟರರು 1978ರಲ್ಲಿ ಪ್ರಕಟಿಸಿದ ಪೂರ್ಣ ಕೈಪಿಡಿಯು ಹೆಸರುಗಳನ್ನು ಅಕ್ಷರಾನುಕ್ರಮವಾಗಿ ವಿವರಿಸುವದು. ಕೇರನ್ ಫೋನ್‌ಸ್ಟಾಡ್ ಎಂಬ ಅಮೇರಿಕದ ಭೂಪಟಕರ್ತೆಯು 1981ರಲ್ಲಿ ಹೊರತಂದ ಭೂಪಟಗ್ರಂಥವು ಪ್ರಯಾಣಿಕರು ಯಾವ ದಿನ ಎಲ್ಲಿದ್ದರೆಂದು ತೋರಿಸುವದು. ಹ್ಯಾಮಂಡ್ ಮತ್ತು ಸ್ಕಲ್ ದಂಪತಿಗಳ 2005ರ ಗ್ರಂಥವು ಅಧ್ಯಾಯ ಅಧ್ಯಾಯಕ್ಕೂ ನಡೆಯುವ ವ್ಯಾಖ್ಯಾನ.

ಒಂದೆರಡು ದೃಷ್ಟಾಂತಗಳನ್ನು ಕೊಡುವೆನು. ಸಂಗಡಿಗರು ಅಗಲಿದ ಬಳಿಕ ಕಥೆಯು ಎರಡು ಹೊಳೆಗಳಾಗಿ ಹರಿಯುವದು. ಒಂದನ್ನು ಬಹುದೂರ ಹೇಳಿ ಮುಗಿಸಿದ ಮೇಲೆ ಮತ್ತೊಂದು ಆರಂಭವಾಗುವದು. ಸಾರುಮಾನನ ಗೋಪುರದ ಬುಡದಲ್ಲಿ ವಾದ ನಡೆದ ಮಾರ್ಚ್ 5ರಂದೇ ಬಡ ಫ್ರೋಡೋ ವೈರಿಯ ಹೆಬ್ಬಾಗಿಲೆದುರು ಅಡಗಿದ್ದನೆಂಬದು, ದಿನಾಂಕಗಳನ್ನು ಜೊತೆಗಿಟ್ಟು ನೋಡಿದವರಿಗಲ್ಲದೆ ಹೊಳೆಯದು. ಇನ್ನೊಂದು: ಸಂಗಡಿಗರು ಹೊರಟದ್ದು ಡಿಸೆಂಬರ್ ಕೊನೆಯ ಚಳಿಯ ದಿನವೆಂದಷ್ಟೇ ಕಥೆಯಲ್ಲಿದೆ. ಅದು 25ನೆಯ ತಾರೀಖೆಂದು ಅನುಬಂಧವು ತಿಳಿಸುವದು. ಅವರ ಕಾರ್ಯವು ಕೈಗೂಡಿದ್ದು ಮಾರ್ಚ್ 25ರಂದು. ದೇವದೂತನು ಮರಿಯಳಿಗೆ ಶುಭವಾರ್ತೆಯನ್ನು ತಿಳಿಸಿದ ಸ್ಮರಣೆಯ ದಿನವದು, ಕರ್ತನು ಶಿಲುಬೆಗೇರಿದ ದಿನವೆಂದೂ ಹಿಂದಿನವರು ನಂಬಿದ್ದರು. ಭಕ್ತ ಕೆಥೋಲಿಕರಾಗಿದ್ದ ಗ್ರಂಥಕರ್ತರು ದೇವರ ಹೆಸರೆತ್ತದೆ ಕಥೆಯೊಳಗಿಟ್ಟ ಈ ಗುಟ್ಟನ್ನು ಟಾಮ್ ಶಿಪ್ಪಿಯಂಥ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ನಾನು ಸ್ವತಃ ಎರಡು ಸಲ ಓದಿಯೂ ಇದನ್ನು ಕಂಡಿರಲಿಲ್ಲ.

ಹಾಗಾದರೆ ಬೀರುವನ್ನು ಬಾಗಿಲು ತೆರೆದೇ ಇಡೋಣವೇ? ಅದೂ ಸಲ್ಲದು. ನಾನು ಅಪ್ಪಣೆಯನ್ನು ಸಡಿಲಿಸಿದ ಮೇಲೆ ಮತ್ತೊಬ್ಬ ಹುಡುಗಿಯು ಕೈಪಿಡಿಯನ್ನೇ ಓದಿ, ಅರಸರ ವಂಶಾವಳಿಯನ್ನು ತಡವರಿಸದೆ ಹೇಳಿದಳು. ಗೊಲ್ಲಮನನ್ನು ಕೊಲ್ಲದೆ ಬಿಟ್ಟದ್ದು ಸರಿಯೋ ಎಂದು ಕೇಳಿದೆನು. ಆಕೆ ಸುಮ್ಮನಾದಳು. ಆ ಕರುಣೆಯ ಭಾರವನ್ನು ಪುಟಪುಟವಾಗಿ ಹೊತ್ತು ನಡೆದವರಿಗೆ ಮಾತ್ರ ಆ ಪ್ರಶ್ನೆಯು ಪ್ರಶ್ನೆಯಾಗುವದು. ಕೈಪಿಡಿಯಲ್ಲಾದರೋ ಒಬ್ಬನ ಹೆಸರಿನ ಕೆಳಗೇ ಅವನ ಮರಣವೂ ಅಚ್ಚಾಗಿರುವದು.

ಆದಕಾರಣ ನನ್ನ ಅಭಿಪ್ರಾಯವಿದು. ಭೂಪಟವೂ ಹೆಸರುಗಳ ಚಿಕ್ಕ ಪಟ್ಟಿಯೂ ಮೊದಲ ದಿನದಿಂದಲೇ ಕೈಯಲ್ಲಿರಲಿ. ದಾರಿ ತಪ್ಪಿದವಳಿಗೆ ದಾರಿ ಕೇಳಲು ನಾಚಿಕೆ ಬೇಡ. ಆ ಪಟ್ಟಿಯನ್ನು ಕಥೆ ಮುಗಿಸಿದ ಹುಡುಗಿಯರೇ ಅಂತ್ಯವನ್ನು ಬಯಲುಮಾಡದೆ ಬರೆದಿಡಲಿ. ವ್ಯಾಖ್ಯಾನವಾದರೋ ಎರಡನೆಯ ಓದಿಗೆ ಮೀಸಲಾಗಿರಲಿ. ಐಥಿಯೋಪ್ಯದ ಅಧಿಕಾರಿಯು ರಥದಲ್ಲಿ ಕುಳಿತು ತಾನಾಗಿ ಓದುತ್ತಿದ್ದಾಗಲೇ ಫಿಲಿಪ್ಪನು ಅವನ ಬಳಿಗೆ ಬಂದನು. ಅರ್ಥವನ್ನು ತಿಳಿಸಿ, ಕೆಲಸ ತೀರಿದೊಡನೆ ಮರೆಯಾದನು. ಅಧಿಕಾರಿಯು ಸಂತೋಷದಿಂದ ತನ್ನ ದಾರಿ ಹಿಡಿದನು. ಒಳ್ಳೆಯ ಕೈಪಿಡಿಯ ಲಕ್ಷಣವೂ ಇದೇ.

ಅರ್ಧಕ್ಕೆ ಬಿಟ್ಟ ಆ ಹುಡುಗಿಯು ಮೂರು ಸಂಪುಟಗಳನ್ನೂ ಮುಗಿಸಿದಳು. ಈಗ ಪುಸ್ತಕಾಲಯದಲ್ಲಿರುವ ಹೆಸರುಗಳ ಪಟ್ಟಿಯು ಅವಳ ಕೈಬರಹದ್ದೇ. ಸೌರಾನ್, ಸಾರುಮಾನ್ ಎಂಬೆರಡು ಹೆಸರುಗಳ ನಡುವೆ ಅವಳು ಕೆಂಪು ಶಾಯಿಯಿಂದ ದಪ್ಪನೆಯ ಗೆರೆಯೊಂದನ್ನು ಎಳೆದಿದ್ದಾಳೆ.