ಕುರ್ಚಿಯಿಂದ ಏಳುವ ಬಲ

ಪ್ರತಿ ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮ ಪ್ರಸಾದ ಒಯ್ಯುವಾಗ ನಾನು ತಪ್ಪದೆ ಹೋಗುವ ಮನೆಯೊಂದಿದೆ. ಅಲ್ಲಿನ ಅಜ್ಜಿಗೆ 78 ವರ್ಷ. ಕಳೆದ ಆಟಿ ತಿಂಗಳವರೆಗೂ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದವರು. ಜ್ವರ ಬಂದು 15 ದಿನ ಮಲಗಿದರು. ಜ್ವರ ಬಿಟ್ಟಿತು, ಹಾಸಿಗೆ ಬಿಡಲಿಲ್ಲ. "ಫಾದರ್, ಕಾಲಲ್ಲಿ ಜೀವವೇ ಇಲ್ಲ" ಎಂದರು. "ಪ್ರಾಯ ಆಯಿತಲ್ಲ" ಎಂದ ಮಗ. ನಾನೂ ಹೌದೆಂದು ತಲೆಯಾಡಿಸಿದೆ. ನಾವಿಬ್ಬರೂ ಹೇಳಿದ್ದು ಅರ್ಧ ಸತ್ಯ ಮಾತ್ರ.

ಪ್ರಾಯದೊಂದಿಗೆ ಮಾಂಸಖಂಡ ಕರಗುವುದಕ್ಕೆ ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ. ಅಮೆರಿಕದ ಅರ್ವಿನ್ ರೋಸನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಇಟ್ಟ ಹೆಸರಿದು. ಸೆಮಿನರಿಯಲ್ಲಿ ಗ್ರೀಕ್ ಬಾಯಿಪಾಠ ಮಾಡಿದ ನನಗೆ ಅದರ ಮೊದಲ ಭಾಗ ಪರಿಚಿತ. 'ಸಾರ್ಕ್ಸ್' ಎಂದರೆ ಮಾಂಸ. ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಬರುವ ಪದ. 'ಪೀನಿಯಾ' ಎಂದರೆ ಕೊರತೆ, ಬಡತನ. ಈ ಬಡತನ ಆರಂಭವಾಗುವುದು ಮೂವತ್ತು ದಾಟಿದ ಮೇಲೆ. ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು. ಅರುವತ್ತರ ನಂತರ ವೇಗ ಹೆಚ್ಚು. ತಕ್ಕಡಿಯಲ್ಲಿ ತೂಕ ಕಡಿಮೆಯಾಗಬೇಕೆಂದಿಲ್ಲ, ಕರಗಿದ ಮಾಂಸದ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ.

ಹಾಸಿಗೆ ಇದಕ್ಕೆ ದೊಡ್ಡ ಶತ್ರು. ಆರೋಗ್ಯವಂತ ಹಿರಿಯರನ್ನೇ 10 ದಿನ ಮಲಗಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಹೋಗಿತ್ತು! ನಮ್ಮ ಮನೆಗಳಲ್ಲಿ "ಅಮ್ಮಾ, ನೀವು ಏಳಬೇಡಿ, ಎಲ್ಲ ನಾವು ತಂದುಕೊಡುತ್ತೇವೆ" ಎನ್ನುವುದು ಪ್ರೀತಿಯಿಂದಲೇ. ಆದರೆ ಆ ಪ್ರೀತಿ ಕಾಲಿನ ಬಲವನ್ನು ತಿನ್ನುತ್ತದೆ. ಮುಂದಿನದು ಬಚ್ಚಲಲ್ಲಿ ಜಾರಿ ಬೀಳುವುದು, ಸೊಂಟದ ಎಲುಬು ಮುರಿಯುವುದು.

ಹಿಂದೆ ನಮ್ಮ ಊರಲ್ಲಿ ಕೊಡಪಾನ ಇಳಿಸಿ ಬಾವಿಯಿಂದ ನೀರು ಸೇದುತ್ತಿದ್ದರು, ಗುಡ್ಡೆಯಿಂದ ಸೊಪ್ಪಿನ ಕಟ್ಟ ಹೊತ್ತು ತರುತ್ತಿದ್ದರು. ಈಗ ಪಂಪು ಬಂದಿದೆ, ಬೇಡವೆನ್ನಲಾಗದು. ದಿನವಿಡೀ ಕಾಲು ಮಡಚಿ ಬೀಡಿ ಕಟ್ಟುವ ತಾಯಂದಿರ ಬೆರಳು ಓಡುತ್ತದೆ, ತೊಡೆಗೆ ಕೆಲಸವಿಲ್ಲ. ನನ್ನದೇನು ಕಡಿಮೆ? ಬೈಕು ಇಲ್ಲದೆ ವಾರ್ಡಿಗೆ ಹೋಗುವವನಲ್ಲ. ಆರಾಧನೆಯಲ್ಲಿ ಮೊಣಕಾಲೂರಿ ಏಳುವಾಗ ಬೆಂಚು ಹಿಡಿಯುವ ಅಭ್ಯಾಸ ನನಗೂ ಬಂದಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೈಗಳನ್ನು ಎದೆಗೆ ಅಡ್ಡ ಕಟ್ಟಿ, ಗಟ್ಟಿ ಕುರ್ಚಿಯಿಂದ 5 ಸಲ ಎದ್ದು ಕೂರಿ. 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ವೈದ್ಯರನ್ನು ಕೇಳಬೇಕೆಂಬುದು ಏಷ್ಯಾದ ತಜ್ಞರು 2019ರಲ್ಲಿ ಹಾಕಿದ ಅಳತೆ. ಬೀಳುವ ಭಯವಿರುವವರ ಪಕ್ಕ ಒಬ್ಬರು ನಿಲ್ಲಲಿ.

ಮದ್ದು ಎರಡು: ಭಾರದ ಕೆಲಸ, ಒಳ್ಳೆಯ ಊಟ. ಬರೀ ನಡಿಗೆ ಸಾಲದು, ಸ್ನಾಯು ಭಾರಕ್ಕೆ ಎದುರಾಗಿ ದುಡಿಯಬೇಕು. ಬೋಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ 10 ಮಂದಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಬಲ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತೆಂದು 1990ರಲ್ಲಿ ವರದಿಯಾಯಿತು; ಇಬ್ಬರು ಊರುಗೋಲು ಬಿಟ್ಟರು. ಮೊದಲ ಸಲ ಓದಿದಾಗ ನಾನು ನಂಬಲಿಲ್ಲ.

ಊಟದ ವಿಷಯ. ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಇಷ್ಟೇ ಸಾಕೆನ್ನುವ ಹಿರಿಯರು ನಮ್ಮಲ್ಲಿ ಬಹಳ. ಅವರಿಗೆ ದೇಹತೂಕದ ಕಿಲೋವೊಂದಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರ ಸಲಹೆ. 50 ಕಿಲೋದವರಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ ಸುಮಾರು 20, ಅಷ್ಟೇ ತೂಕದ ಒಣ ಹುರುಳಿಯಲ್ಲಿ ಅದಕ್ಕಿಂತ ತುಸು ಹೆಚ್ಚು. ಡಬ್ಬದ ಪುಡಿಗೆ ಹಣ ಸುರಿಯುವ ಮೊದಲು ಗಂಜಿಯ ಬಟ್ಟಲ ಪಕ್ಕ ಮೀನಿನ ತುಂಡೋ ಹುರುಳಿ ಚಟ್ನಿಯೋ ಇರಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಅಜ್ಜಿಯ ಮನೆಗೆ ಪಂಚಾಯತ್‌ನ ಪಾಲಿಯೇಟಿವ್ ನರ್ಸ್ ಬರುತ್ತಾರೆ. ಅವರು ಹೇಳಿ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿದರು. ಮೊದಲು ಮಂಚದ ಅಂಚಿನಲ್ಲಿ ಕೂರುವುದು, ಆಮೇಲೆ ಕುರ್ಚಿ ಹಿಡಿದು ಏಳುವುದು, ದಿನಕ್ಕೆ ಎರಡು ಹೊತ್ತು. ಸೊಸೆ ಎಣಿಸುತ್ತಾಳೆ, ಮೊಮ್ಮಗ ನಗುತ್ತಾನೆ. ಕಳೆದ ಶುಕ್ರವಾರ ಹೋದಾಗ ಅಜ್ಜಿ ಜಗಲಿಯಲ್ಲಿ ಕುರ್ಚಿ ಹಾಕಿ ಕಾಯುತ್ತಿದ್ದರು. "ಒಳಗೆ ಬನ್ನಿ ಫಾದರ್" ಎಂದು ಅವರೇ ಎದ್ದು ಮುಂದೆ ನಡೆದರು. ಗೋಡೆ ಹಿಡಿದೇ, ಆದರೆ ಮಗನ ಕೈ ಹಿಡಿಯದೆ.