ಹೇಳಿ ಕೈ ಕೊಡುವ ಗಾಡಿ

ನಮ್ಮ ಆಫೀಸಿನಲ್ಲಿ ಯಾರಾದರೂ ಕಾರು ಕೊಳ್ಳೋಕೆ ಹೊರಟರೆ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಮೈಲೇಜ್ ಎಷ್ಟು ಕೊಡುತ್ತೆ? ದಾರಿಯಲ್ಲಿ ಕೈ ಕೊಡಲ್ಲ ತಾನೆ? ಮೊದಲನೆಯದಕ್ಕೆ ಶೋರೂಮಿನವರು ಒಂದು ಸುಳ್ಳನ್ನಾದರೂ ಹೇಳ್ತಾರೆ :-) ಎರಡನೆಯದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಯಾಕಂದ್ರೆ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ವಾದ. ಉಜ್ಜುವ, ಬಿಸಿಯಾಗುವ, ಅದುರುವ ಯಾವ ವಸ್ತುವಾದರೂ ಒಂದು ದಿನ ಸವೆದು ಹೋಗಲೇಬೇಕು. ಕೇಳಬೇಕಾದ್ದು ಇಷ್ಟು: ಕೈ ಕೊಡೋ ಮುಂಚೆ ಹೇಳುತ್ತಾ?

ಡಿಸ್ಕ್ ಬ್ರೇಕಿನ ಪ್ಯಾಡ್ ನೋಡಿ. ಬಹಳಷ್ಟು ಪ್ಯಾಡ್‌ಗಳಿಗೆ ಒಂದು ಪುಟ್ಟ ಲೋಹದ ನಾಲಗೆ ಇರುತ್ತೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರ್ ಉಳಿದಾಗ ಅದು ಡಿಸ್ಕಿಗೆ ತಾಗಿ ಕೀಂಯ್ ಅಂತ ಕಿರುಚುತ್ತೆ. ಸೆನ್ಸರ್ ಇಲ್ಲ, ವೈರ್ ಇಲ್ಲ, ಸಾಫ್ಟ್‌ವೇರ್ ಅಂತೂ ಇಲ್ಲವೇ ಇಲ್ಲ. ಬ್ರೇಕ್ ಇನ್ನೂ ಹಿಡಿಯುತ್ತಿರುವಾಗಲೇ ಹೇಳಿಬಿಡುತ್ತೆ. ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಸಿಕ್ಕರೆ ಕಾಫಿ ಕೊಡಿಸಬೇಕು.

ಇದಕ್ಕೆ ತದ್ವಿರುದ್ಧ ಟೈಮಿಂಗ್ ಬೆಲ್ಟ್. ರಬ್ಬರಿನದು. ಹೆಚ್ಚಿನಂಶ ಸದ್ದಿಲ್ಲದೆ ಓಡುತ್ತೆ, ಸದ್ದಿಲ್ಲದೆ ಹರಿಯುತ್ತೆ. ವಾಲ್ವೂ ಪಿಸ್ಟನ್ನೂ ಒಂದೇ ಜಾಗವನ್ನು ಸರದಿ ಮೇಲೆ ಬಳಸೋ ಎಂಜಿನ್ ಆದರೆ ಮುಗೀತು, ವಾಲ್ವ್ ಬಾಗಿ ಎಂಜಿನ್ ಬಿಚ್ಚಬೇಕು. ಚೈನಿರುವ ಎಂಜಿನ್ ಅಮರ ಅಂತಲ್ಲ, ಆದರೆ ಚೈನ್ ಸಡಿಲವಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಅಂತ ಸಾಮಾನ್ಯವಾಗಿ ಸದ್ದು ಮಾಡುತ್ತೆ. ಬೆಲ್ಟು ಕೊಡುವ ಎಚ್ಚರಿಕೆ ಒಂದೇ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಬಿದ್ದಿರೋ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಬದಲಿಸಿ ಅಂತ ಬರೆದಿರೋ ಒಂದು ಸಾಲು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಎಷ್ಟೋ ಸಲ ಆ ಪುಸ್ತಕವೂ ಸಿಗಲ್ಲ.

ನನಗೆ ನಿಜವಾಗಿ ಸಿಟ್ಟಿರೋದು ಟೆಂಪರೇಚರ್ ಮುಳ್ಳಿನ ಬಗ್ಗೆ. ಮೊದಲು ಚಿಕ್ಕ ಕಾರಿನಲ್ಲೂ ಇರುತ್ತಿತ್ತು. ಈಗ ಹಲವು ಗಾಡಿಗಳಲ್ಲಿ ಅದನ್ನು ಕಿತ್ತು ಎರಡು ದೀಪ ಇಟ್ಟಿದ್ದಾರೆ. ತಣ್ಣಗಿದ್ದರೆ ನೀಲಿ, ಕುದಿದರೆ ಕೆಂಪು. ನಡುವೆ ಏನಾಗುತ್ತಿದೆ ಅಂತ ನಮಗೆ ಹೇಳೋ ಅಗತ್ಯ ಇಲ್ಲವಂತೆ!

ಹೋದ ಮಳೆಗಾಲ ಭಾವನ ಕಾರಿನಲ್ಲಿ ಶಿರಾಡಿ ಘಾಟಿ ಹತ್ತುತ್ತಿದ್ವಿ. ಹಿಂದೆ ಅಕ್ಕ, ಮೂರು ವರ್ಷದ ಮಗು. ಮುಂದೆ ಟ್ಯಾಂಕರ್‌ಗಳ ಸಾಲು. ಗುಂಡ್ಯ ದಾಟಿ ಸ್ವಲ್ಪ ಹೊತ್ತಿಗೆ ಬಾನೆಟ್ಟಿಂದ ಹಬೆ ಎದ್ದಿತು, ಎಂಜಿನ್ ಏದುಸಿರು ಬಿಟ್ಟು ನಿಂತಿತು. ಒಂದು ಕಡೆ ಕಾಡು, ಇನ್ನೊಂದು ಕಡೆ ಪ್ರಪಾತ, ತಿರುವಿನಲ್ಲಿ ನಾವು, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಕೆಂಪು ದೀಪ ಹತ್ತಲೇ ಇಲ್ಲ. ಗಾಡಿ ಎಳೆಸಿಕೊಂಡು ಸಕಲೇಶಪುರ ಸೇರಿದಾಗ ಭಾವ ಮೆಕ್ಯಾನಿಕ್ಕಿಗೆ ಕೇಳಿದ್ದೂ ಅದನ್ನೇ, "ದೀಪ ಯಾಕ್ರೀ ಹತ್ಲಿಲ್ಲ?" ಆತ ಒಡೆದ ಹೋಸ್ ತೋರಿಸಿ ಹೇಳಿದ, "ಸೆನ್ಸರ್ ಇರೋದು ನೀರಲ್ಲಿ ಸಾರ್. ನೀರೇ ಸುರಿದು ಹೋದ್ಮೇಲೆ ಅದು ಏನನ್ನ ಅಳೀಬೇಕು?" ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೆಡ್ ಡೊಂಕಾಗಿತ್ತು.

ಮುಳ್ಳಿದ್ದರೆ ಅದು ಮೇಲೇರೋದನ್ನೋ, ಇದ್ದಕ್ಕಿದ್ದಂತೆ ಕೆಳಗೆ ಬೀಳೋದನ್ನೋ ಭಾವ ನೋಡಿರೋರು. ಮುಳ್ಳು ವಿಚಿತ್ರವಾಗಿ ಆಡೋದೂ ಒಂದು ಸುದ್ದಿಯೇ. ದೀಪಕ್ಕೆ ಆ ಭಾಷೆ ಬರಲ್ಲ. (ಅಂದಹಾಗೆ, ಘಾಟಿಯಲ್ಲಿ ಬಿಸಿ ಏರುತ್ತಿದೆ ಅನ್ನಿಸಿದರೆ ಏಸಿ ಆರಿಸಿ, ಹೀಟರ್ ಪೂರ್ತಿ ಹಾಕಿ. ಒಳಗೆ ಬೇಯ್ತೀರಿ, ಆದರೆ ಎಂಜಿನ್ನಿನ ಬಿಸಿ ಒಂದಿಷ್ಟು ಹೊರಗೆ ಹೋಗುತ್ತೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ಮುಟ್ಟಲೇಬೇಡಿ, ಒತ್ತಡದಲ್ಲಿರೋ ನೀರು ನೂರು ಡಿಗ್ರಿ ದಾಟಿದ್ದರೂ ಕುದಿಯದೆ ಕಾದಿರುತ್ತೆ.)

ಹಳೇ ಗಾಡಿಗಳೇ ಚೆಂದ ಅಂತ ನಾನು ಹೇಳ್ತಿಲ್ಲ. 2014ರಲ್ಲಿ ನಿಂತ ಅಂಬಾಸಿಡರ್‌ಗಿಂತ ಈಗಿನ ಯಾವ ಕಾರಾದರೂ ಕಮ್ಮಿ ಕೆಡುತ್ತೆ. ಕಮ್ಮಿ ಕೆಡುತ್ತೆ ಅನ್ನೋ ಧೈರ್ಯದಲ್ಲೇ ಹೇಳೋದನ್ನ ನಿಲ್ಲಿಸಿದ್ದಾರೆ. 2020ರಲ್ಲಿ ಸರ್ಕಾರ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡ ಹೇಳೋ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಬೇಡ ಅಂದಿತು. ಅರ್ಧ ಒಪ್ಪುತ್ತೇನೆ, ಗಾಳಿ ಇಳಿಯೋ ಮುಂಚೆ ಹೇಳೋದು ಒಳ್ಳೇದೇ. ಆದರೆ ಟೈರಿನ ಪಕ್ಕ ಸೀಳಿದರೆ ಯಾವ ಕಿಟ್ಟೂ ಕೆಲಸಕ್ಕೆ ಬರಲ್ಲ.

ಇನ್ನು ಚೆಕ್ ಎಂಜಿನ್ ದೀಪ. ವೃತ್ತಿಯಿಂದ ನನಗೆ ಇದು ಬಹಳ ಪರಿಚಯದ ಪಾಪ, "ಸಮ್‌ಥಿಂಗ್ ವೆಂಟ್ ರಾಂಗ್" ಅಂತ ತೋರಿಸಿ ಲಾಗನ್ನು ಬಚ್ಚಿಡೋದು. ಒಬಿಡಿ ಎರಡನೇ ಆವೃತ್ತಿ ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ನಮ್ಮಲ್ಲಿ 2013ರಿಂದ ಕಡ್ಡಾಯ. ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನಿನ ಕಿಂಡಿ ಇದೆಯಲ್ಲ, ಅದೇ. ಪಿ0301 ಅಂದರೆ ಮೊದಲ ಸಿಲಿಂಡರಿನಲ್ಲಿ ಮಿಸ್‌ಫೈರ್, ಹಾಗೇ ಓಡಿಸಿದರೆ ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ. ಪಿ0113 ಅಂದರೆ ಒಳಗೆ ಬರೋ ಗಾಳಿಯ ಬಿಸಿ ಅಳೆಯೋ ಸೆನ್ಸರ್ ತಂಟೆ, ಎಷ್ಟೋ ಸಲ ವೈರ್ ಸಡಿಲ ಅಷ್ಟೇ, ಊರು ಸೇರಬಹುದು. ಎರಡಕ್ಕೂ ಅದೇ ಹಳದಿ ದೀಪ. ಮಿಸ್‌ಫೈರ್ ಜೋರಾದರೆ ದೀಪ ಮಿಣುಕುತ್ತೆ, ಆಗ ಓಡಿಸಬಾರದು. ಇದನ್ನು ಡೆಲಿವರಿ ಕೊಡುವಾಗ ನನಗಂತೂ ಯಾರೂ ಹೇಳಲಿಲ್ಲ. ಕೇಸರಿ ಬಣ್ಣದ ರಿಬ್ಬನ್ ಕಟ್ಟಿ ಫೋಟೋ ತೆಗೆದರು.

ಕಾರಿಗೆ ಉತ್ತರ ಗೊತ್ತು, ತೋರಿಸೋಕೆ ಹತ್ತಿಂಚಿನ ಪರದೆಯೂ ಇದೆ. ಯಾವ ಹಾಡು ಅಂತ ತೋರಿಸುತ್ತೆ, ಯಾವ ಸಿಲಿಂಡರ್ ಅಂತ ತೋರಿಸಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ತೆರೆದ ರಿಪೇರಿ ಹಕ್ಕಿನ ಜಾಲತಾಣದಲ್ಲಿ ವಾಹನಗಳನ್ನೂ ಸೇರಿಸಿದ್ದಾರೆ. ಸಂತೋಷ. ಆದರೆ ಜಾಲತಾಣ ಸಾಲದು. ಕೋಡನ್ನೂ ಅದರ ಅರ್ಥವನ್ನೂ ಓಡಿಸುವವನ ಕಣ್ಣೆದುರಿಗೆ ತೋರಿಸಲೇಬೇಕು ಅಂತ ಕಾನೂನು ಬರಲಿ, ಕನ್ನಡದಲ್ಲೇ ತೋರಿಸಲಿ. ಅಲ್ಲಿಯವರೆಗೆ ಆ ಕಿಂಡಿಗೆ ಸಿಕ್ಕಿಸೋ ಬ್ಲೂಟೂತ್ ರೀಡರ್ ಒಂದನ್ನ ಜಾಕಿನ ಪಕ್ಕ ಇಟ್ಟುಕೊಳ್ಳಿ. ಭಾವನ ಗಾಡಿಯಲ್ಲಿ ಈಗ ಇದೆ, ನೀರಿನ ಟೆಂಪರೇಚರ್ ಫೋನಿನಲ್ಲಿ ಅಂಕಿಯಾಗಿ ಕಾಣುತ್ತೆ, ಘಾಟಿ ಬಂದರೆ ಅಕ್ಕನೇ ಅದನ್ನು ಓದಿ ಹೇಳ್ತಾಳೆ.