ಅಥೆನ್ಸಿನ ಮಹಾಮಾರಿ ಮತ್ತು ನಾವು ಬರೆಯದೆ ಬಿಟ್ಟ ದಿನಗಳು



ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ನಮ್ಮ ಮಕ್ಕಳು ಪ್ರಾಚೀನ ಗ್ರೀಸಿನ ಇತಿಹಾಸವನ್ನು ಓದುತ್ತಾರೆ. ಕ್ರಿ.ಪೂ. 490ರ ಮ್ಯಾರಥಾನ್ ಕದನ, 480ರ ಸಲಾಮಿಸ್ ನೌಕಾಯುದ್ಧ, ಅಲೆಕ್ಸಾಂಡರನ ದಂಡಯಾತ್ರೆ ಇವೆಲ್ಲ ಅವರಿಗೆ ಪರಿಚಿತ. ವೈದ್ಯನಾದ ನನಗೆ ಮಾತ್ರ ಈ ಸಾಲಿನಲ್ಲಿ ಕ್ರಿ.ಪೂ. 430ಕ್ಕೆ ಅಗ್ರಸ್ಥಾನ ಸಲ್ಲಬೇಕೆಂದು ತೋರುತ್ತದೆ. ಅದು ವಿಜಯದ ವರ್ಷವಲ್ಲ. ಅಥೆನ್ಸಿಗೆ ಮಹಾಮಾರಿ ಬಂದೆರಗಿದ ವರ್ಷ.

ಸ್ಪಾರ್ಟಾದೊಡನೆ ಯುದ್ಧ ಆರಂಭವಾಗಿ ಒಂದು ವರ್ಷವಾಗಿತ್ತು. ನಾಯಕ ಪೆರಿಕ್ಲೀಸನ ಸಲಹೆಯಂತೆ ಹಳ್ಳಿಗರು ಹೊಲಮನೆಗಳನ್ನು ತೊರೆದು ನಗರದ ಗೋಡೆಗಳೊಳಗೆ ಆಶ್ರಯ ಪಡೆದಿದ್ದರು. ಬೇಸಗೆಯ ಧಗೆಯಲ್ಲಿ, ಗಾಳಿಯಾಡದ ಗುಡಿಸಲುಗಳಲ್ಲಿ ಜನ ಕಿಕ್ಕಿರಿದಿದ್ದರು. ಶತ್ರುವನ್ನು ತಡೆದ ಗೋಡೆಗಳು ರೋಗಕ್ಕೆ ಅನುಕೂಲವನ್ನೇ ಒದಗಿಸಿದವು. ಮೊದಲು ಪಿರೇಯಸ್ ಬಂದರಿನಲ್ಲಿ ರೋಗ ಕಾಣಿಸಿಕೊಂಡಾಗ, ಶತ್ರುಗಳು ನೀರಿಗೆ ವಿಷ ಬೆರೆಸಿದ್ದಾರೆಂಬ ವದಂತಿ ಹಬ್ಬಿತು. ಯುದ್ಧಕ್ಕೆ ತೆರಳಿದ್ದ 4,000 ಯೋಧರ ಒಂದು ಪಡೆಯಲ್ಲಿ 1,050 ಮಂದಿ ಸುಮಾರು 40 ದಿನಗಳಲ್ಲಿ ರೋಗದಿಂದ ಮಡಿದರು. ಮರುವರ್ಷ ಪೆರಿಕ್ಲೀಸನೂ ತೀರಿಕೊಂಡ.

ಇದೆಲ್ಲ ನಮಗೆ ತಿಳಿದಿರುವುದು ಬಹುಮಟ್ಟಿಗೆ ಇತಿಹಾಸಕಾರ ಥ್ಯುಸಿಡಿಡೀಸನಿಂದ. ಆತನೂ ಆ ರೋಗಕ್ಕೆ ತುತ್ತಾಗಿ ಬದುಕಿ ಉಳಿದವನು. ರೋಗದ ಕಾರಣವನ್ನು ಊಹಿಸುವ ಕೆಲಸವನ್ನು ಇತರರಿಗೆ ಬಿಟ್ಟು, ಅದು ಮರಳಿ ಬಂದರೆ ಗುರುತಿಸಲು ನೆರವಾಗಲೆಂದು ಲಕ್ಷಣಗಳನ್ನು ದಾಖಲಿಸಿದ: ತಲೆಯ ಕಾವು, ಕೆಂಪೇರಿದ ಕಣ್ಣು, ತಣಿಯದ ದಾಹ, ಏಳನೆಯ ಅಥವಾ ಒಂಬತ್ತನೆಯ ದಿನದ ಸಾವು. ಗುಣಮುಖರಾದವರಿಗೆ ಅದೇ ರೋಗ ಮತ್ತೆ ಪ್ರಾಣಾಂತಕವಾಗದೆಂಬುದನ್ನೂ ಗಮನಿಸಿದ. ಅದು ಟೈಫಸೋ, ಸಿಡುಬೋ, ಟೈಫಾಯ್ಡೋ ಎಂಬ ಚರ್ಚೆ ಇಂದಿಗೂ ನಡೆದಿದೆ. ಅದಕ್ಕೆ ಮುಖ್ಯ ಆಧಾರ ಆತನ ಕೆಲವೇ ಪುಟಗಳು.

ಈಗ ನಮ್ಮ ಕಡೆಗೆ ನೋಡೋಣ. 2020 ಮತ್ತು 2021ರಲ್ಲಿ ನಮ್ಮಲ್ಲಿ ಕೆಲವರು ಊರಿನಲ್ಲಿದ್ದ ಹೆತ್ತವರಿಗೆ ಮೊಬೈಲಿನ ಪರದೆಯ ಮೇಲೆಯೇ ಅಂತಿಮ ನಮನ ಸಲ್ಲಿಸಿದರು. ಆದರೆ ನಮ್ಮ ವಾರ್ತಾಪತ್ರದ ಆ ಕಾಲದ ಸಂಚಿಕೆಗಳಲ್ಲಿ ಯುಗಾದಿಯ ಶುಭಾಶಯಗಳಿವೆ, ಆನ್‌ಲೈನ್ ಗಾಯನದ ವರದಿಗಳಿವೆ. ಆ ದುಃಖದ ಒಂದು ಸಾಲೂ ಇಲ್ಲ. ವಾರ್ಡಿನಲ್ಲಿ ದುಡಿದ ನಾನೂ ಬರೆಯಲಿಲ್ಲ. ಮರೆಯುವುದೇ ಲೇಸೆಂದು ಭಾವಿಸಿದ್ದೆ. ಅದು ತಪ್ಪೆಂದು ಈಗ ಅನಿಸುತ್ತಿದೆ.

ಮಾಗಿದ ಗಾಯವನ್ನು ಕೆದಕುವುದೇಕೆ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಯ ಹಿಂದಿನ ನೋವನ್ನು ನಾನು ಬಲ್ಲೆ. ಆದರೆ ಥ್ಯುಸಿಡಿಡೀಸ್ ಬರೆದದ್ದು ಸಾವಿನ ಲೆಕ್ಕವನ್ನಷ್ಟೇ ಅಲ್ಲ. ಸ್ನೇಹಿತರನ್ನು ಕೈಬಿಡಲು ನಾಚಿ ಅವರ ಮನೆಗೆ ಹೋದವರು ತಾವೂ ಸತ್ತರೆಂದು ಬರೆದ. ರೋಗವನ್ನು ಗೆದ್ದು ಬಂದವರೇ ರೋಗಿಗಳ ಮೇಲೆ ಹೆಚ್ಚು ಕನಿಕರ ತೋರಿದರೆಂದೂ ಬರೆದ. ಬರೆಯದಿದ್ದರೆ ಅವರ ಔದಾರ್ಯವೂ ಅವರೊಡನೆ ಮಣ್ಣಾಗುತ್ತಿತ್ತು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಪ್ರತಿ ಕುಟುಂಬವೂ ಆ ದಿನಗಳ ಬಗೆಗೆ ಒಂದು ಪುಟ ಬರೆದಿಡಲಿ: ಯಾರಿಗೆ ಯಾವಾಗ ಜ್ವರ ಬಂತು, ಬಾಗಿಲ ಮುಂದೆ ಅನ್ನ ಸಾರು ಇಟ್ಟುಹೋದವರು ಯಾರು, ಯಾವ ವದಂತಿಯನ್ನು ನಂಬಿ ನಾವೇ ಇತರರಿಗೆ ಕಳುಹಿಸಿದೆವು. ಅಲಂಕಾರ ಬೇಡ, ನಿಜವಿದ್ದರೆ ಸಾಕು. ಮುಂದೆ ಅಂಥದೇ ಕಾಲ ಬಂದಾಗ ನಮ್ಮ ಮಕ್ಕಳಿಗೆ ಆ ಪುಟ ಬೇಕಾದೀತು.